ಗೇಟಿನ ಹೊರಗಿನ ಸತ್ಯನಾರಾಯಣ

ಜುಲೈ ಏಳು, ಸೋಮವಾರ. ಚೆಂಬೂರಿನಲ್ಲಿ ಬೆಳಗಿನಿಂದ ಬಿಡದ ಮಳೆ. ಟಿವಿಯಲ್ಲಿ ಸರಕಾರಿ ಕಚೇರಿಗಳಲ್ಲಿ ಪೂಜೆ ಬೇಕೋ ಬೇಡವೋ ಎಂಬ ಜಗಳ. ಮಗಳು ಕೇಳಿದಳು: "ಪಪ್ಪಾ, ನಿಮ್ಮ ಆಫೀಸದಾಗ ಅಲೌಡ್ ಇತ್ತೇನ?"

ಸರಕಾರಿ ಕಚೇರಿಯಿಂದ ದೇವರನ್ನು ಹೊರಗೆ ಕಳಿಸುವ ಆದೇಶ ಆಗಾಗ ಬರುತ್ತಲೇ ಇರುತ್ತದೆ. ಆತ ಸ್ವಲ್ಪ ಸರಿದು ಕೂರುತ್ತಾನೆ, ಅಷ್ಟೆ.

೧

ನಾನಾಗ ಬಾಂದ್ರಾದ ಕಚೇರಿಯಲ್ಲಿದ್ದೆ. ಹೊಸದಾಗಿ ಬಂದ ಸಾಹೇಬರು ಧಾರವಾಡದವರು. ಬಂದ ವಾರವೇ ಗೋಡೆಯ ದೇವರ ಫೋಟೋಗಳನ್ನು ಇಳಿಸಿದರು. ಫೋಟೋ ಇದ್ದ ಕಡೆ ಸುಣ್ಣ ಮಾತ್ರ ಬೆಳ್ಳಗೆ ಉಳಿಯಿತು. ಮರುದಿನ ನಮ್ಮ ಹೆಡ್ ಕ್ಲಾರ್ಕ್, ವಿಜಯಪುರದವರು, ಆ ಬಿಳಿ ಚೌಕದ ಮುಂದೆ ಕಣ್ಣು ಮುಚ್ಚಿ ನಿಂತಿದ್ದರು.

"ಯಾರಿಗೆ ಕೈ ಮುಗೀಲಿಕ್ಕತ್ತೀರಿ?" ಸಾಹೇಬರು ಕೇಳಿದರು.

"ಗ್ವಾಡಿಗ್ರಿ ಸಾಹೇಬ್ರ. ಗ್ವಾಡಿ ಸರಕಾರದ್ದ ಐತಲ್ಲರಿ."

೨

ದಸರೆ ಹತ್ತಿರ ಬಂದಾಗ ಕಚೇರಿಯ ಯಂತ್ರಗಳಿಗೆ ಪೂಜೆ ಬೇಡವೆಂದು ಅಪ್ಪಣೆಯಾಯಿತು. ಹೆಡ್ ಕ್ಲಾರ್ಕ್ ತಲೆಯಾಡಿಸಿದರು. ದಸರೆಗೆ ಲೋಕಲ್ ರೈಲಿಗೂ ಪೂಜೆ ಮಾಡುವುದು ಮುಂಬಯಿಯ ಪ್ರಯಾಣಿಕರ ರೂಢಿ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಸಾಹೇಬರು ಲೋಕಲ್ ಹತ್ತಿದರೆ ಬೋಗಿಯ ತುಂಬ ಚೆಂಡು ಹೂ, ನಡುವೆ ಆರತಿ ಹಿಡಿದ ನಮ್ಮ ಹೆಡ್ ಕ್ಲಾರ್ಕ್. ಸಾಹೇಬರಿಗೆ ಒಂದೇ ಕಾಲೂರುವಷ್ಟು ಜಾಗ.

"ರೈಲೂ ಸರಕಾರದ್ದ ಅಲ್ಲೇನ್ರೀ?" ಎಂದರು ಸಾಹೇಬರು.

"ಹೌದ್ರಿ. ಆದ್ರ ಇಲ್ಲಿ ನಿಮಗ ಕುರ್ಚಿ ಇಲ್ಲಲ್ಲರಿ." ಹಾಗೆಂದು ಒಂದು ಪೇಡೆ ಕೊಟ್ಟರು. ಇನ್ನೊಂದು ಕೈ ಮೇಲಿನ ಹಿಡಿಕೆಯಲ್ಲಿದ್ದುದರಿಂದ ಸಾಹೇಬರು ಅದನ್ನು ಅಲ್ಲೇ ಬಾಯಿಗೆ ಹಾಕಿಕೊಳ್ಳಬೇಕಾಯಿತು.

೩

ಹೆಡ್ ಕ್ಲಾರ್ಕ್ ವರ್ಷಕ್ಕೊಮ್ಮೆ ಕಚೇರಿಯಲ್ಲಿ ಸತ್ಯನಾರಾಯಣ ಪೂಜೆ ಮಾಡಿಸುತ್ತ ಬಂದವರು. ನಿವೃತ್ತಿಯ ದಿನ ಕೊನೆಯದೊಂದು ಆಗಲೆಂದು ಕೇಳಿಕೊಂಡರು.

"ಕಚೇರಿ ಎಲ್ಲಾರದೂ ಅದ. ಗೇಟಿನ ಹೊರಗ ಮಾಡ್ಕೋರಿ," ಎಂದರು ಸಾಹೇಬರು. ಮಾತು ಸರಿಯೇ ಇತ್ತು. ಆದರೆ ಹೆಡ್ ಕ್ಲಾರ್ಕರ ಮುಖ ನೋಡಲು ನನಗಾಗಲಿಲ್ಲ.

ಗೇಟಿನ ಹೊರಗೆ, ಚಹಾ ಅಂಗಡಿಯ ಪಕ್ಕ ತಾಡಪತ್ರಿ ಕಟ್ಟಿ ಮಣೆ ಹಾಕಿದರು. ಜೋರು ಮಳೆ. ಪೂಜೆ ಮಾಡಿಸಬೇಕಿದ್ದ ಭಟ್ಟರ ಫೋನ್ ಬಂತು: ಲೋಕಲ್ ನಿಂತಿದೆ, ಘಾಟ್ಕೋಪರ್ ದಾಟಲಾಗುತ್ತಿಲ್ಲ. ರೇಷ್ಮೆ ಸೀರೆ ಒದ್ದೆ ಮಾಡಿಕೊಂಡು ಕೂತಿದ್ದ ಹೆಂಡತಿಗೆ ಹೆಡ್ ಕ್ಲಾರ್ಕ್ ಮೆಲ್ಲಗೆ, "ಏಳು, ಇನ್ನ ಆಗೂದಿಲ್ಲ," ಎಂದರು.

ಮೇಲಿನ ಕಿಟಕಿಯಿಂದ ಸಾಹೇಬರು ನೋಡುತ್ತಿದ್ದರು. ಕೊಡೆ ಹಿಡಿದು ಕೆಳಗಿಳಿದು ಬಂದರು. ಗೇಟು ದಾಟಿ ಬೂಟು ಬಿಚ್ಚಿದರು. "ಕೂಡ್ರಿ. ಆಚಮನ ಮಾಡ್ರಿ."

ಅವರ ತಂದೆ ಪೌರೋಹಿತ್ಯ ಮಾಡುತ್ತಿದ್ದರೆಂದು ನಮಗೆ ತಿಳಿದದ್ದೇ ಆಗ. ಪುಸ್ತಕವಿಲ್ಲದೆ ಐದು ಅಧ್ಯಾಯವನ್ನೂ ಹೇಳಿ ಮುಗಿಸಿದರು. ಹೆಡ್ ಕ್ಲಾರ್ಕರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಎಲೆ ಅಡಿಕೆಯ ಮೇಲೆ ನೋಟಿಟ್ಟು ಚಾಚಿದರೆ, ಸಾಹೇಬರು ಹಿಂದೆ ಸರಿದರು. "ನಾ ಸರಕಾರಿ ನೌಕರ. ತೊಗೊಳ್ಳಿಕ್ಕೆ ಬರೂದಿಲ್ಲ, ವೈನಿ."

ಕತೆ ಕೇಳುತ್ತಿದ್ದ ನನ್ನ ಮಗಳು ತಡೆದಳು. "ಮತ್ತ ದಕ್ಷಿಣಾ? ಪಂಡಿತ್‌ಗೆ ಕೊಡ್ಲೇಬೇಕಲ್ಲಾ?"

"ಕೊಟ್ಟಿವಿ. ಸಾಹೇಬರು ಮ್ಯಾಲ ಹೋಗಿ, ಕೆಲಸದ ಹೊತ್ತಿನಾಗ ಖಾಸಗಿ ಕೆಲಸಾ ಮಾಡೀನಿ ಅಂತ ತಮಗ ಅರ್ಧ ದಿನದ ರಜಾ ಹಾಕ್ಕೊಂಡ್ರು. ಆಮ್ಯಾಲ ಪ್ರಸಾದ ತಿಂದ ನಮಗೆಲ್ಲಾರಿಗೂ ಅರ್ಧ ದಿನ ರಜಾ ಹಾಕಿದ್ರು."

"ಹೆಡ್ ಕ್ಲಾರ್ಕ್ ಅಂಕಲ್‌ಗೂ?"

"ಅವರಿಗೂ. ರಿಟೈರ್ ಆಗಲಿಕ್ಕೆ ಇನ್ನ ಎರಡು ತಾಸು ಇತ್ತು."