ಸೂರ್ಯನ ಮುಖದ ಮಚ್ಚೆ

ಜಂಬ ಒಳ್ಳೆಯ ಗುಣವಲ್ಲವೆಂದು ಬಲ್ಲವರು ಹೇಳುತ್ತಾರೆ. ಅವರಲ್ಲಿ ಯಾರೂ ಕೊಟ್ಟೂರಿನ ಮಾಳಿಗೆ ಮೇಲೆ ನಿಂತು ಶುಕ್ರಗ್ರಹದ ಫೋಟೋ ತೆಗೆದಿರಲಿಕ್ಕಿಲ್ಲ. ನಾನು ತೆಗೆದಿದ್ದೇನೆ. ಎರಡು ಸಾವಿರದ ನಾಲ್ಕರ ಜೂನ್‌ನಲ್ಲಿ ಶುಕ್ರ ಸೂರ್ಯನ ಮುಂದೆ ಹಾದುಹೋಯಿತಲ್ಲ, ಆವತ್ತು. ನನ್ನ ಸ್ಟುಡಿಯೋ ಕ್ಯಾಮೆರಾ ಅಲ್ಲಿಯವರೆಗೆ ಮದುವೆ, ಪಾಸ್‌ಪೋರ್ಟ್ ಸೈಜು ಬಿಟ್ಟು ಬೇರೇನೂ ಕಂಡದ್ದಲ್ಲ. ಅದನ್ನು ಮಾಳಿಗೆ ಹತ್ತಿಸಿದವರು ಪಕ್ಕದ ಚಿಗಟೇರಿ ಸಾಲೆಯ ವಿಜ್ಞಾನದ ಮಾಸ್ತರು. "ದೂರದ ನಕ್ಷತ್ರಕ್ಕ ಗ್ರಹ ಅದಾವೋ ಇಲ್ಲೋ ಅಂತ ದೊಡ್ಡೋರು ಹಿಂಗೇ ಹುಡುಕ್ತಾರ್ರಿ. ಗ್ರಹ ಅಡ್ಡ ಬಂತಂದ್ರ ಬೆಳಕು ಒಂಚೂರು ಕಮ್ಮಿ ಆಗ್ತೈತಿ. ನಮ್ಮ ಸೂರ್ಯನ ಮ್ಯಾಲಂತೂ ಚುಕ್ಕಿನೇ ಕಾಣ್ತೈತಿ. ಹಿಡಿದು ಕೊಡ್ರಿ, ಸಾಲ್ಯಾಗ ನಿಮ್ಮ ಹೆಸರು ಬರದು ತೂಗುಹಾಕ್ತೀನಿ" ಎಂದಿದ್ದರು. ಹೆಸರು ಎಂದ ಕೂಡಲೇ ನಾನು ಉಬ್ಬಿಹೋದೆ.

ಬೈನಾಕ್ಯುಲರನ್ನು ಸ್ಟ್ಯಾಂಡಿಗೆ ಬಿಗಿದು, ಸೂರ್ಯನ ಬಿಂಬವನ್ನು ಬಿಳಿ ರಟ್ಟಿನ ಮೇಲೆ ಬೀಳಿಸಿದೆ. ಅಂಗೈಯಗಲದ ಸೂರ್ಯ, ಅದರೊಳಗೆ ಸಾಸಿವೆ ಕಾಳಿನಷ್ಟು ಕರಿ ಚುಕ್ಕಿ. ಊಟ ಬಿಟ್ಟು, ಮೋಡಕ್ಕೆ ಬೈಯುತ್ತಾ, ಅರ್ಧ ತಾಸಿಗೊಂದರಂತೆ ಆ ಬಿಂಬದ ಹನ್ನೆರಡು ಫೋಟೋ ತೆಗೆದೆ. ಸಂಜೆಯೊಳಗೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯಿಂದ ಕ್ಷೌರದಂಗಡಿಯವರೆಗೆ ಸುದ್ದಿ ಮುಟ್ಟಿಸಿ, "ನಾಳೆ ಬರ್ರಿ, ತೋರಸ್ತೀನಿ" ಎಂದು ಎಲ್ಲರಿಗೂ ಮಾತು ಕೊಟ್ಟೆ. ಊರಿಗೆಲ್ಲ ಹೇಳಿದವನು ಮನೆಯಲ್ಲಿ ಮಾತ್ರ ಹೇಳಲಿಲ್ಲ.

ನಮ್ಮ ಸ್ಟುಡಿಯೋದಲ್ಲಿ ಟಚಿಂಗ್ ಕೆಲಸ ನನ್ನ ಹೆಂಡತಿ ಗಿರಿಜಮ್ಮನದು. ವರನ ಕಡೆಗೆ ಕಳಿಸುವ ಫೋಟೋಗಳಲ್ಲಿ ಮೊಡವೆ, ಮಚ್ಚೆಗಳನ್ನು ನೆಗೆಟಿವ್ ಮೇಲೆಯೇ ಚೂಪು ಪೆನ್ಸಿಲ್ಲಿನಿಂದ ತುಂಬಿ ಮಾಯ ಮಾಡುವುದರಲ್ಲಿ ಹಡಗಲಿ, ಕೂಡ್ಲಿಗಿಯವರೆಗೂ ಅವಳ ಹೆಸರಿದೆ. ಮರುದಿನ ನಾನು ರೀಲು ತೊಳೆದು ಒಣಗಲು ಹಾಕಿ, ಕಾನಹೊಸಹಳ್ಳಿಯ ಮದುವೆಯೊಂದಕ್ಕೆ ಹೋಗಿಬಂದು ಪ್ರಿಂಟ್ ಹಾಕಿದೆ. ಹನ್ನೆರಡು ಸೂರ್ಯರು, ಬೆಳಗಿಟ್ಟ ತಟ್ಟೆಗಳ ಹಾಗೆ. ಒಂದರಲ್ಲೂ ಚುಕ್ಕಿಯಿಲ್ಲ! ಇನ್ನರ್ಧ ತಾಸಿಗೆ ಮಾಸ್ತರು ಬರುವವರು. ಹಸಿ ಪ್ರಿಂಟು ಹಿಡಿದು ಗಿರಿಜಮ್ಮನ ಹತ್ತಿರ ಓಡಿದೆ.

"ಚುಕ್ಕಿ ಎಲ್ಲಿ ಹೋತೇ?"

"ತಗದೆ ಅಲ್ರೀ! ಮುಖದ ಮ್ಯಾಲೆ ಕರೀ ಚುಕ್ಕಿ ಕಂಡ್ರ ಗಿರಾಕಿ ಹೇಳೋತನಕ ಕಾಯಬ್ಯಾಡ ಅಂತ ನೀವೇ ಕಲ್ಸೀರಿ. ಸೂರ್ಯಪ್ಪನ ಮುಖಾನೂ ಮುಖಾನೇ ಅಲ್ಲೇನು?"

"ಹನ್ನೆರಡಕ್ಕ ಹನ್ನೆರಡೂ?"

"ಹೂಂ. ಭಾಳ ಕಾಡ್ತು ನೋಡ್ರಿ."

ಕೂಗಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಟರ್ಪೆಂಟೈನ್ ಹತ್ತಿಯಿಂದ ಪೆನ್ಸಿಲ್ ಒರೆಸತೊಡಗಿದ್ದಳು. ಶುಕ್ರ ಹನ್ನೆರಡು ಕಡೆಯೂ ಮರಳಿ ಬಂದ. ಹೊಸ ಪ್ರಿಂಟು ಹಸಿಯಿರುವಾಗಲೇ ಮಾಸ್ತರೂ ಬಂದರು, ಚಹಾದಂಗಡಿಯವರೂ ಬಂದರು. ಮಾಸ್ತರು ಕನ್ನಡಕ ಏರಿಸಿ, "ಇದು ಲೆನ್ಸಿನ ಮ್ಯಾಲಿನ ಧೂಳಲ್ಲ ಅಂತ ಹೆಂಗ ಹೇಳ್ತೀರಿ? ಮಕ್ಕಳು ಕೇಳ್ತಾರ" ಎಂದರು. ನಾನು ಕ್ಯಾಮೆರಾ ತಂದು ಅಂಗಿಯ ತುದಿಯಿಂದ ಲೆನ್ಸ್ ಒರೆಸತೊಡಗಿದೆ.

"ಧೂಳಾಗಿದ್ರ ಕುಂತಲ್ಲೇ ಕುಂದರ್ತಿತ್ತಲ್ರಿ ಮಾಸ್ತರ" ಎಂದಳು ಗಿರಿಜಮ್ಮ, ಹನ್ನೆರಡನ್ನೂ ಸಾಲಾಗಿ ಮೇಜಿನ ಮೇಲೆ ಹರಡುತ್ತಾ. "ಇದು ಆ ಗಲ್ಲದಿಂದ ಈ ಗಲ್ಲಕ್ಕ ನಡದೈತಿ. ಬೆನ್ನತ್ತಿ ಬೆನ್ನತ್ತಿ ತಗದೀನಿ, ನನಗ ಗೊತ್ತಿಲ್ಲೇನು?"

ಮಾಸ್ತರು ಎದ್ದು ನಿಂತು ಕೈ ಮುಗಿದರು. ನನಗಂತೂ ಹೆಮ್ಮೆಯಿಂದ ಕಣ್ಣು ತುಂಬಿತು. ಆ ಫೋಟೋಗಳು ಒಂದು ರಟ್ಟಿಗಂಟಿ ಸಾಲೆಯ ಗೋಡೆಗೇರಿದವು. ಬೀಗರು ಬಂದರೆ ಕರೆದೊಯ್ದು, ಕೆಳಗಿನ ಬರಹವನ್ನು ನಾನೇ ಗಟ್ಟಿಯಾಗಿ ಓದಿ ಹೇಳುತ್ತೇನೆ: "ಗ್ರಹದ ನಡಿಗೆಯನ್ನು ಗುರುತಿಸಿದವರು: ಶ್ರೀಮತಿ ಗಿರಿಜಮ್ಮ, ಕೊಟ್ಟೂರು. ಫೋಟೋ: ಅವರ ಯಜಮಾನರು."

ನನ್ನ ಹೆಸರಿಗೆ ರಟ್ಟಿನಲ್ಲಿ ಜಾಗ ಸಾಲಲಿಲ್ಲವಂತೆ.