ಮಾವ ಕದ್ದ ಮಗ್ಗಿ

ನಮ್ಮ ಸೋದರಮಾವ ಕಳ್ಳರು. ಇಷ್ಟು ಪ್ರಾಮಾಣಿಕ ಕಳ್ಳರು ಕುಶಾಲನಗರದಲ್ಲಿ ಇನ್ನೊಬ್ಬರಿಲ್ಲ. ಪಕ್ಕದ ಮನೆಯ ಬೆಣ್ಣೆಹಣ್ಣು ನಮ್ಮ ಅಂಗಳಕ್ಕೆ ಬಿದ್ದರೆ ಒರೆಸಿ ವಾಪಸ್ ಕೊಟ್ಟು ಬರುತ್ತಾರೆ. ಬಂದು ಕೈ ತೊಳೆದು, ಯಾರೋ ಬರೆದು ಯಾರೋ ಮಾರಿದ ಹಳೇ ಸಾಫ್ಟ್‌ವೇರುಗಳನ್ನು ಇಂಟರ್ನೆಟ್ಟಿಗೆ ಏರಿಸಿ ಲೋಕಕ್ಕೆಲ್ಲ ಪುಕ್ಕಟೆ ಹಂಚುತ್ತಾರೆ.

ಹಿಂದೆ ಅವರದು ಕಂಪ್ಯೂಟರ್ ಕಲಿಸುವ ಅಂಗಡಿ. ಅದು ಮುಚ್ಚಿದಾಗ ಫ್ಲಾಪಿ, ಸಿಡಿಗಳೆಲ್ಲ ಮನೆಗೆ ಬಂದವು. ಬೂಷ್ಟು ಹಿಡಿಯಬಾರದೆಂದು ಅವನ್ನು ಅಕ್ಕಿ ಡಬ್ಬದಲ್ಲಿ ಹೂತಿಡುತ್ತಾರೆ.

"ಇವತ್ತು ಅನ್ನಕ್ಕೆ ಯಾವುದು ಹಾಕ್ಲಿ, ಕರೀದಾ ನೀಲೀದಾ?" ಎಂದು ಅತ್ತೆ ಅಡುಗೆಮನೆಯಿಂದ ಕೇಳುತ್ತಾರೆ.

"ಇದೇ ಕೊನೇದು ಕಣೇ, ಇನ್ಮೇಲೆ ಏರಿಸಲ್ಲ" ಎನ್ನುತ್ತಾರೆ ಮಾವ. ಹಾಗೆ ಅಂದಾಗಲೆಲ್ಲ ದಿನಚರಿಯಲ್ಲಿ ಒಂದು ಗೀಟು ಹಾಕುವುದು ನನ್ನ ಅಭ್ಯಾಸ. ಈ ತಿಂಗಳ ಪುಟದಲ್ಲಿ ಜಾಗ ಮುಗಿದಿದೆ.

ನಿನಗೇನಮ್ಮ ಕಷ್ಟ ಅಂತೀರಾ? ಚೆಟ್ಟಳ್ಳಿಯಿಂದ ಕೆಲಸಕ್ಕೆಂದು ಬಂದು ಅವರ ಮನೆಯಲ್ಲಿರುವ ನನ್ನ ಹೆಸರಿನಲ್ಲೇ ಇಂಟರ್ನೆಟ್ ಕನೆಕ್ಷನ್ ಇದೆ. ಪೊಲೀಸರು ಬಂದರೆ ಕೇಳುವುದು ನನ್ನನ್ನು.

"ಮಾವ, ಇದು ಕಳ್ಳತನ."

"ನಿಮ್ಮಜ್ಜ ಹಾಸನದಿಂದ ಬರುವಾಗ ಭತ್ತದ ಬಿತ್ತನೆ ಬೀಜ ತಂದು ಬೀದಿಗೆಲ್ಲ ಹಂಚಿದ್ರು. ಯಾರನ್ನ ಕೇಳಿದ್ರು? ಹಂಚಿದ್ದಕ್ಕೇ ಆ ತಳಿ ಉಳೀತು."

"ಭತ್ತದ ಮೇಲೆ 'ನಕಲು ಮಾಡುವುದು ಅಪರಾಧ' ಅಂತ ಬರೆದಿರಲಿಲ್ಲ."

"ಬರೆದಿದ್ರೂ ನಿಮ್ಮಜ್ಜನಿಗೆ ಓದೋಕೆ ಬರ್ತಿರಲಿಲ್ಲ."

ಇಂಥವರೊಡನೆ ಏನು ವಾದ ಮಾಡುವುದು?

ಹೋದ ವರ್ಷ ಏರಿಸಿದ್ದು ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಒಂದು ಸಿಡಿ. ಒಬ್ಬ ಮೇಷ್ಟ್ರು ತಾವೇ ತಯಾರಿಸಿ, ತಮ್ಮದೇ ಗಂಟೆಯಂಥ ದನಿಯಲ್ಲಿ ಓದಿದ್ದರು. ಅದರಲ್ಲಿ ಒಂದು ತಪ್ಪಿತ್ತು: "ಹದಿನೇಳೆಂಟ್ಲ ನೂರ ಇಪ್ಪತ್ತಾರು." ಇಳಿಸಿಕೊಂಡವರೆಲ್ಲ ದೂರಿದರು. ತಿದ್ದಿಬಿಡಿ ಎಂದೆ.

"ಛೆ, ಇನ್ನೊಬ್ರ ಮಾಲು. ಕೇಳದೆ ಮುಟ್ಟಬಾರದು."

ಕೇಳದೆ ಊರಿಗೆಲ್ಲ ಹಂಚಬಹುದು, ಮುಟ್ಟಬಾರದು! ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಕೊನೆಗೆ ನಾನು ಹೆದರಿದ್ದ ದಿನ ಬಂತು. ಆ ಮೇಷ್ಟ್ರೇ ಬರೆದಿದ್ದರು: "ದಯವಿಟ್ಟು ತೆಗೆಯಿರಿ." ಮಾವ ಅರ್ಧ ತಿಂದ ರೊಟ್ಟಿ ಬಿಟ್ಟೆದ್ದು ತೆಗೆದರು. ಕ್ಷಮೆ ಕೇಳಿ, ಮನೆ ವಿಳಾಸ ಕೊಟ್ಟು, ಬೈಯುವುದಿದ್ದರೆ ಬನ್ನಿ ಎಂದೂ ಬರೆದರು. ಅವರು ನಿಜಕ್ಕೂ ಬಂದರು. ಹಾಸನದ ಬಸ್ಸಿನಲ್ಲಿ, ಊರುಗೋಲು ಹಿಡಿದು. ನಾನು ಕನೆಕ್ಷನ್ನಿನ ಬಿಲ್ಲನ್ನು ಬೀರುವಿನಲ್ಲಿ ಬಚ್ಚಿಟ್ಟೆ.

"ಕದ್ದಿದ್ದಕ್ಕೆ ಕೋಪ ಇಲ್ಲ," ಎಂದರು. ಗಂಟೆಯ ದನಿ ಈಗ ಒಡೆದಿತ್ತು. "ಮಾರಿದ ಮೇಲೆ ತಪ್ಪು ಗೊತ್ತಾಯ್ತು. ಎಲ್ಲಾ ಮರೆತಿದ್ದಾರೆ ಅಂತ ನೆಮ್ಮದಿಯಾಗಿದ್ದೆ. ನೀವು ಮತ್ತೆ ಮಕ್ಕಳ ಬಾಯಿಗೆ ಹಾಕಿದ್ರಿ. ನೀವೇ ತಿದ್ದಬಹುದಿತ್ತಲ್ಲ?"

"ತಿದ್ದೋಕೆ ನಾವ್ಯಾರು ಸಾರ್? ಅದು ನಿಮ್ಮದು."

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು.

"ಮೈಕ್ ಇದೆಯಾ?"

ಅತ್ತೆ ಮಿಕ್ಸಿ ನಿಲ್ಲಿಸಿದರು. ಮೇಷ್ಟ್ರು ಕೆಮ್ಮಿ ಗಂಟಲು ಸರಿಮಾಡಿಕೊಂಡು ಒಂದೇ ಸಾಲು ಹೇಳಿದರು. ಮಗ್ಗಿ ಪೂರ್ತಿ ಹೊಸದಾಗಿ ಓದಿ ಎಂದು ಮಾವ ಕೇಳಿಕೊಂಡರೆ, "ಉಳಿದದ್ದು ಸರಿಯಿದೆಯಲ್ಲ" ಎಂದರು. ಹೊರಡುವಾಗ, "ಈಗ ಹಂಚಿ" ಎಂದರು.

ಈಗ ಹದಿನೇಳರ ಮಗ್ಗಿಯಲ್ಲಿ ಏಳರವರೆಗೆ ಒಬ್ಬ ಯುವಕ ಓದುತ್ತಾನೆ. ಎಂಟಕ್ಕೆ ಬಂದಾಗ ಒಬ್ಬ ಮುದುಕ ನಿಧಾನವಾಗಿ, "ಹದಿನೇಳೆಂಟ್ಲ ನೂರ ಮೂವತ್ತಾರು" ಎನ್ನುತ್ತಾನೆ. ಒಂಬತ್ತಕ್ಕೆ ಮತ್ತೆ ಯುವಕ.

ಮೊನ್ನೆ ಯಾರೋ ದೂರಿದ್ದರು: "ನಡುವೆ ದನಿ ಕೆಟ್ಟಿದೆ, ಸರಿಪಡಿಸಿ."

ಮಾವ ಅಕ್ಕಿ ಡಬ್ಬ ಕೆದಕುತ್ತಿದ್ದರು. ಅವರನ್ನು ಕರೆಯದೆ ನಾನೇ ಉತ್ತರ ಬರೆದೆ: "ಕೆಟ್ಟಿಲ್ಲ. ಅದನ್ನು ನಾವು ಮುಟ್ಟುವ ಹಾಗಿಲ್ಲ."