ದೊಡ್ಡಮ್ಮನ ಯೀಸ್ಟ್ ಸಂಸಾರ

ನಮ್ಮ ದೊಡ್ಡಮ್ಮನಿಗೆ ಮಕ್ಕಳೆಷ್ಟು ಅಂತ ಯಾರಾದರೂ ಕೇಳಿದರೆ ಉತ್ತರ ಹೇಳುವುದು ಕಷ್ಟ. ಹೆತ್ತದ್ದು ಇಬ್ಬರನ್ನ. ಸಾಕಿದ್ದು ಮಾತ್ರ ಕೋಟಿಗಟ್ಟಲೆ, ಅದೂ ಉಪ್ಪಿನಕಾಯಿ ಬಾಟಲಿಗಳಲ್ಲಿ!

ಗುಬ್ಬಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾಗಿ, ಈಗ ತುಮಕೂರಿನ ಉಪ್ಪಾರಹಳ್ಳಿಯಲ್ಲಿರುವ ಅವರಿಗೆ ಯೀಸ್ಟ್ ಹುಚ್ಚು. ಉಗುರುಬೆಚ್ಚಗಿನ ಸಕ್ಕರೆ ನೀರಿಗೆ ಚಿಟಿಕೆ ಯೀಸ್ಟ್ ಹಾಕಿ, ಬಾಟಲಿ ಬಾಯಿಗೆ ಬಲೂನ್ ಸಿಕ್ಕಿಸಿಡುತ್ತಾರೆ. ಸ್ವಲ್ಪ ಹೊತ್ತಿಗೆ ಬಲೂನ್ ತಾನೇ ಎದ್ದು ನಿಲ್ಲುತ್ತೆ. ಮನೆಗೆ ಬಂದವರಿಗೆ ಮೊದಲು ಇದರ ದರ್ಶನ, ಕಾಫಿ ಆಮೇಲೆ.

ನನ್ನ ತಂಗಿಯನ್ನು ನೋಡಲು ಕುಣಿಗಲ್‌ನಿಂದ ಗಂಡಿನ ಕಡೆಯವರು ಬಂದಾಗಲೂ ದೊಡ್ಡಮ್ಮ ಬಿಡಲಿಲ್ಲ. ಮಾತು ಜಾತಕದ ಕಡೆ ತಿರುಗಿತು ನೋಡಿ, ಶುರು ಮಾಡಿದರು. ಯೀಸ್ಟ್ ಅಂದರೆ ಒಂದೇ ಜೀವಕೋಶದ ಶಿಲೀಂಧ್ರ, ಅದಕ್ಕೆ ಜಾತಕದ ತಾಪತ್ರಯವೇ ಇಲ್ಲ, ಹೊಟ್ಟೆ ತುಂಬಿದರೆ ತಾಯಿಯ ಪಕ್ಕದಲ್ಲೇ ಮೊಗ್ಗು ಮೂಡಿ, ದೊಡ್ಡದಾಗಿ, ಬೇರೆ ಹೋಗಿ ಸಂಸಾರ ಮಾಡುತ್ತೆ ಅಂತ. ಗಂಡಿನ ತಾಯಿ ಕಾಫಿ ಲೋಟ ಕೆಳಗಿಟ್ಟು, "ಬೇರೆ ಹೋಗುತ್ತಾ?" ಅಂದರು. ಈ ಸಂಬಂಧದ ಕಥೆ ಮುಗೀತು ಅಂದುಕೊಂಡೆವು. ಹುಡುಗ ಮಾತ್ರ ನಕ್ಕೂ ನಕ್ಕೂ ಸುಸ್ತಾಗಿದ್ದ. ಅವನೇ ಈಗ ನನ್ನ ತಂಗಿಯ ಗಂಡ.

ದೊಡ್ಡಪ್ಪನ ಪಾಡು ಇನ್ನೊಂದು ಥರ. ಲಿಂಗಪೂಜೆ ಆಗದೆ ಹನಿ ನೀರೂ ಮುಟ್ಟದ ಮನುಷ್ಯ. ಒಂದು ಬೆಳಿಗ್ಗೆ ಪೂಜೆ ಮುಗಿಸಿ ಟೀಗೆ ಬನ್ ಅದ್ದಿಕೊಂಡು ಕೂತಿದ್ದಾಗ, ಬನ್ನು ಉಬ್ಬಿಸುವ ಯೀಸ್ಟ್ ಸಕ್ಕರೆ ತಿಂದು ಗಾಳಿಯ ಜೊತೆಗೆ ಆಲ್ಕೋಹಾಲೂ ಬಿಡುತ್ತೆ ಅಂತ ದೊಡ್ಡಮ್ಮ ಹೇಳಿಬಿಟ್ಟರು. ದೊಡ್ಡಪ್ಪ ಬನ್ ಅಲ್ಲೇ ಬಿಟ್ಟು ಎದ್ದವರು ಮೂರು ದಿನ ಬೇಕರಿ ತಿಂಡಿ ಮುಟ್ಟಲಿಲ್ಲ. ನಾಲ್ಕನೇ ದಿನ ದೊಡ್ಡಮ್ಮನೇ, ಒಲೆಯ ಕಾವಿಗೆ ಅದು ಹೆಚ್ಚುಕಮ್ಮಿ ಎಲ್ಲಾ ಹಾರಿಹೋಗುತ್ತೆ ಅಂದರು.

"ಮೊದಲೇ ಹೇಳೋಕೇನಾಗಿತ್ತೇ?"

"ನೀವು ಪಾಠ ಪೂರ್ತಿ ಕೇಳಿದ್ರೆ ತಾನೆ."

ಇಂಥ ದೊಡ್ಡಮ್ಮನ ಕಿವಿಗೆ, ಶಿರಾ ಗೇಟ್ ಹತ್ತಿರದ ಪುಟ್ಟ ಬೇಕರಿಯಲ್ಲಿ ಬನ್ನುಗಳು ಉಬ್ಬುತ್ತಿಲ್ಲ ಅನ್ನುವ ಸುದ್ದಿ ಬಿತ್ತು. ಬೇಕರಿಯ ಯಜಮಾನನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಹಿಟ್ಟಿನ ಕೆಲಸವೇ ಗೊತ್ತಿಲ್ಲದ ಹೆಂಡತಿ ಒಲೆ ಮುಂದೆ ನಿಂತಿದ್ದಳು. ಬನ್ನೆಲ್ಲ ಬಿಲ್ಲೆಯಾಗುತ್ತಿದ್ದವು, ಗಿರಾಕಿಗಳು ಜಾರುತ್ತಿದ್ದರು. ಅಂಗಡಿ ಬಿಟ್ಟುಕೊಡೋದೇ ಅಂತ ಆಕೆ ತೀರ್ಮಾನಿಸಿದ್ದಳು.

ದೊಡ್ಡಮ್ಮ ನನ್ನ ಸ್ಕೂಟರ್ ಹತ್ತಿ ಹೋಗಿ, ಹಿಟ್ಟು ಕಲಸುವ ನೀರಿಗೆ ಬೆರಳು ಅದ್ದಿ, ತಟ್ಟನೆ ಹಿಂದಕ್ಕೆಳೆದುಕೊಂಡರು.

"ಇಷ್ಟು ಬಿಸಿಗೆ ನನ್ನ ಬೆರಳೇ ತಡೀಲಿಲ್ಲ ಕಣಮ್ಮ. ಪಾಪ, ಅದು ಬದುಕುತ್ತಾ?"

ಬೇಗ ಉಬ್ಬಲಿ ಅಂತ ಆಕೆ ಕುದಿಯೋ ನೀರನ್ನೇ ಸುರಿಯುತ್ತಿದ್ದಳಂತೆ! ಉಗುರುಬೆಚ್ಚಗಿನ ನೀರಲ್ಲಿ ಕಲಸಿಸಿದರು. ಸಂಜೆಗೆ ಟ್ರೇ ತುಂಬ ಬನ್ನು ಮೈತುಂಬಿಕೊಂಡು ಎದ್ದಿದ್ದವು. ಆಕೆ ಒಲೆ ಮುಂದೆಯೇ ಕೂತು ಅತ್ತಳು.

ಕೆಲಸ ಮುಗೀತಲ್ಲ ಅಂತ ನಾನು ಸ್ಕೂಟರ್ ಸ್ಟಾರ್ಟ್ ಮಾಡಿದೆ. ದೊಡ್ಡಮ್ಮನ ಕಣ್ಣು ಮೂಲೆಯ ಕುರ್ಚಿ ಮೇಲಿತ್ತು. ಅಲ್ಲಿ ಯಜಮಾನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತಿದ್ದ. ಆಸ್ಪತ್ರೆಯವರು ಹಿಚುಕೋಕೆ ಕೊಟ್ಟ ರಬ್ಬರ್ ಚೆಂಡನ್ನು ಬೀದಿಗೆಸೆದಿದ್ದನಂತೆ. ದೊಡ್ಡಮ್ಮ ಉಬ್ಬಿದ ಹಿಟ್ಟಿನ ಒಂದು ಉಂಡೆ ತಗೊಂಡು ಆ ಕೈಯೊಳಗಿಟ್ಟು, ತಮ್ಮ ಕೈಯಿಂದ ಅವನ ಬೆರಳು ಮಡಿಸಿದರು.

"ಒತ್ತಪ್ಪ. ಇದಕ್ಕೆ ಜೀವ ಐತೆ. ಅವಸರ ಮಾಡಿದ್ರೆ ಇದೂ ಕೇಳಲ್ಲ."

ಬೆರಳು ಅಲ್ಲಾಡಲಿಲ್ಲ. ಮರುದಿನವೂ ಇಲ್ಲ. ದೊಡ್ಡಮ್ಮ ದಿನಾ ಸಂಜೆ ಹೋದರು. ಮೂರನೇ ವಾರ ಹಿಟ್ಟಿನ ಮೇಲೆ ಹೆಬ್ಬೆರಳಿನ ಸಣ್ಣ ಗುರುತು ಬಿತ್ತು. ಆಮೇಲೆ ಮುಷ್ಟಿ ಕಟ್ಟೋಕೆ ತಿಂಗಳುಗಳೇ ಹಿಡಿದವು.

ಹೋದ ವಾರ ದೊಡ್ಡಮ್ಮನನ್ನ ಕರೆತರಲು ಹೋಗಿದ್ದೆ. ಯಜಮಾನ ಬಲಗೈಯಲ್ಲೇ ಒಂದು ಬನ್ನಿನ ಉಂಡೆ ಕಟ್ಟಿದ್ದ. ಒಂದು ಪಕ್ಕ ಸೊಟ್ಟ. ಹೆಂಡತಿ ಅದನ್ನು ಬೇರೆಯಾಗಿಯೇ ಬೇಯಿಸಿ ತಂದಳು. ಅವನು ಆ ಬಲಗೈಯಲ್ಲೇ ಎತ್ತಿ ದೊಡ್ಡಮ್ಮನ ಕಡೆ ಚಾಚಿದ. ಬನ್ನು ಕಂಡರೆ ಸಾಕು ಪಾಠ ಶುರು ಮಾಡುವ ಹೆಂಗಸು ಆವತ್ತು ಎರಡೂ ಕೈಯೊಡ್ಡಿ ಇಸ್ಕೊಂಡು, ನಿಂತಲ್ಲೇ, ಒಂದು ಚೂರೂ ಉಳಿಸದೆ ತಿಂದರು. ಸೆರಗಲ್ಲಿ ಕಣ್ಣೊರೆಸಿಕೊಂಡು ಕೊನೆಗೆ ಇಷ್ಟೇ ಅಂದರು:

"ನಾಳೆ ಎರಡು ಮಾಡಪ್ಪ."